ಸಾಲವಲ್ಲ, ದಾನವೂ ಅಲ್ಲ: ಈ ಕೋಟಿ ಹಣದ ಮರ್ಮವೇನು?

ಕುಂದಾಪುರ ಪೇಟೆಯಲ್ಲಿ ಮೊಬೈಲು ಅಂಗಡಿ ಇಟ್ಟವರನ್ನು ಒಮ್ಮೆ ಮಾತಾಡಿಸಿ ನೋಡಿ. "ಹ್ವಾಯ್, ಎಂತ ವ್ಯಾಪಾರ ಮಾರಾಯ್ರೆ! ನಮ್ ಅಂಗ್ಡಿಗೆ ಬಪ್ದ್ ಬರೀ ರೇಟ್ ಕೇಂಬುಕೆ. ತಕಂಬುದೆಲ್ಲ ಫೋನಂಗೇ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಬೈಂದೂರಿನ ಬಟ್ಟೆ ಅಂಗಡಿಯಲ್ಲೂ ಇದೇ ಮಾತು. ಬ್ರಹ್ಮಾವರದ ಮಿಕ್ಸಿ ಅಂಗಡಿಯಲ್ಲೂ ಇದೇ ಮಾತು. ಅಂಗಡಿಯವರಿಗೆ ಮಾಲು ಬೀಳುವ ದರಕ್ಕಿಂತಲೂ ಕಡಿಮೆಗೆ ಕೆಲವೊಮ್ಮೆ ಅದೇ ಮಾಲು ಗಿರಾಕಿಯ ಮನೆ ಬಾಗಿಲಿಗೆ ಬಂದು ಬೀಳುತ್ತದೆ. ಬಾಡಿಗೆ, ಕರೆಂಟು, ಹುಡುಗರ ಸಂಬಳ ಎಲ್ಲ ಕಟ್ಟಿ ಕೂತ ವ್ಯಾಪಾರಿ ಕೇಳುವುದು ಒಂದೇ ಪ್ರಶ್ನೆ: "ಅವ್ರಿಗ್ ಹ್ಯಾಂಗ್ ಗಿಟ್ಟುತ್ತ್?"

ಗಿಟ್ಟುವುದಿಲ್ಲ! ಅದೇ ಇದರ ಗುಟ್ಟು. ವರ್ಷಗಟ್ಟಲೆ ಅವರಿಗೆ ಗಿಟ್ಟಲೇ ಇಲ್ಲ. ಕೊಂಡದ್ದಕ್ಕೂ ಮಾರಿದ್ದಕ್ಕೂ ನಡುವೆ ಬಿದ್ದ ಹೊಂಡವನ್ನು ಬೇರೆ ಯಾರೋ ತಮ್ಮ ಹಣದಿಂದ ತುಂಬಿಸುತ್ತಾ ಬಂದರು. ಆ ಹಣಕ್ಕೆ ವೆಂಚರ್ ಕ್ಯಾಪಿಟಲ್ ಎಂದು ಹೆಸರು. ಕನ್ನಡದಲ್ಲಿ ಸಾಹಸ ಬಂಡವಾಳ ಎನ್ನುತ್ತಾರೆ. ಕುಂದಾಪುರದಲ್ಲಿ ಅದರ ಕಚೇರಿಯ ಬೋರ್ಡು ಕಾಣದಿರಬಹುದು. ಆದರೆ ಆ ಹಣ ಮಾತ್ರ ಕೊರಿಯರ್ ಹುಡುಗನ ಬೈಕಿನ ಹಿಂದೆ ಕೂತು ಊರೂರು ಸುತ್ತುತ್ತಿದೆ.

ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಥೆಯನ್ನೇ ತೆಗೆದುಕೊಳ್ಳಿ. 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ಯುವಕರು ಸುಮಾರು 4 ಲಕ್ಷ ರೂಪಾಯಿ ಸ್ವಂತ ಹಣ ಹಾಕಿ ಪುಸ್ತಕ ಮಾರಲು ಹೊರಟರು. 2009ರ ಹೊತ್ತಿಗೆ ಆಕ್ಸೆಲ್ ಎಂಬ ಬಂಡವಾಳ ಸಂಸ್ಥೆ ಅದರಲ್ಲಿ ಪಾಲು ಕೊಂಡಿತು. ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಸಾವಿರಾರು ಕೋಟಿ ನಷ್ಟ ಆದರೂ ಯಾರೂ ಬಾಗಿಲು ಹಾಕಿ ಎನ್ನಲಿಲ್ಲ. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 77 ಶೇಕಡಾ ಪಾಲನ್ನು 16 ಬಿಲಿಯನ್ ಡಾಲರಿಗೆ, ಅಂದರೆ ಒಂದು ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ ಕೊಟ್ಟು ಕೊಂಡಿತು. ಮೊದಲು ಪಾಲು ಹಿಡಿದವರು ಬಂಗಾರದ ಬೆಳೆ ಕೊಯ್ದರು. ರಿಯಾಯಿತಿ ಗಿರಾಕಿಗೆ ಹೋಯಿತು, ಲಾಭ ಪಾಲುದಾರರಿಗೆ ಹೋಯಿತು, ಪೆಟ್ಟು ಪೇಟೆಯ ಅಂಗಡಿಗೆ ಬಿತ್ತು. ಇಷ್ಟೆಲ್ಲ ಆದ ಮೇಲೂ ಈ ಹಣ ಏನು, ಎತ್ತ ಎಂದು ನಮ್ಮ ಊರಿನವರು ತಿಳಿಯದೇ ಕೂತರೆ ಹೇಗೆ?

ಎರಡಾಣೆಯ ಊರು

ಹಣದ ವಿಷಯದಲ್ಲಿ ಈ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಮೂವರು ಸೇರಿ 8 ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಆರಂಭಿಸಿದ್ದು ಸಿಂಡಿಕೇಟ್ ಬ್ಯಾಂಕ್. ಮಗ್ಗ ನಿಂತು ಕಂಗಾಲಾಗಿದ್ದ ನೇಕಾರರಿಗೆ ಕೈಸಾಲ ಕೊಡುವುದು ಅವರ ಮೊದಲ ಉದ್ದೇಶ. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ವಸೂಲಿ! ಇವತ್ತಿಗೂ ಸಂಜೆ ಆದರೆ ಸೊಸೈಟಿಯ ಪಿಗ್ಮಿಯವರು ಅಂಗಡಿ ಅಂಗಡಿಗೆ ಬರುತ್ತಾರೆ.

ಆ ಬ್ಯಾಂಕುಗಳಲ್ಲಿ ಕೆಲವು ಹೆಸರು ಈಗಿಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾದೊಳಗೆ ಹೋಯಿತು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಕರಗಿದವು. ಅದಿರಲಿ. ಇಲ್ಲಿ ಹೇಳಬೇಕಾದ ಮಾತು ಬೇರೆ. ಬ್ಯಾಂಕಿನ ಹಣ ಠೇವಣಿದಾರನ ಹಣ. ವಿಧವೆಯ ಪಿಗ್ಮಿ, ಪಿಂಚಣಿದಾರನ ಎಫ್.ಡಿ. ಅದನ್ನು ಬ್ಯಾಂಕಿನವರು ಕೊಡುವಾಗ ಆರ್.ಟಿ.ಸಿ. ಕೇಳುತ್ತಾರೆ, ಜಾಮೀನು ಕೇಳುತ್ತಾರೆ, ಬಂಗಾರ ಕೇಳುತ್ತಾರೆ. ಕೇಳಲೇಬೇಕು. ಇಪ್ಪತ್ಮೂರರ ಹರೆಯದ ಹುಡುಗ ಲ್ಯಾಪ್‌ಟಾಪು ಹಿಡಿದುಕೊಂಡು ಬಂದು "ಸರ್, ಹೊಸ ನಮೂನೆಯ ಸಾಫ್ಟ್‌ವೇರು ಮಾಡ್ತೇನೆ, ಎರಡು ವರ್ಷ ಆದಾಯ ಇಲ್ಲ" ಎಂದರೆ ಮ್ಯಾನೇಜರು ಏನು ಮಾಡಬೇಕು? ನೀರು ಕುಡಿಸಿ ಕಳಿಸಬೇಕು, ಅಷ್ಟೆ.

ಆ ಹುಡುಗನಿಗೆ ಬೇಕಾದದ್ದು ಹೋದರೆ ಹೋಗಲಿ ಎನ್ನುವ ಹಣ. ಅಂಥ ಹಣವನ್ನು ಒಂದೆಡೆ ಕೂಡಿಸಿ ಕಸುಬಾಗಿ ನಡೆಸುವವರೇ ವೆಂಚರ್ ಕ್ಯಾಪಿಟಲ್ ಸಂಸ್ಥೆಯವರು. ನಮ್ಮ ದೇಶದಲ್ಲಿ ಇದು ತೀರಾ ಹೊಸತೂ ಅಲ್ಲ. 1988ರಲ್ಲಿ ಐ.ಸಿ.ಐ.ಸಿ.ಐ. ಮತ್ತು ಯೂನಿಟ್ ಟ್ರಸ್ಟ್ ಸೇರಿ ಬೆಂಗಳೂರಿನಲ್ಲಿ ಇಂಥದೊಂದು ಸಂಸ್ಥೆ ಕಟ್ಟಿದವು. ನಮ್ಮ ಕೆನರಾ ಬ್ಯಾಂಕೂ ಕ್ಯಾನ್‌ಬ್ಯಾಂಕ್ ವೆಂಚರ್ ಕ್ಯಾಪಿಟಲ್ ಎಂಬ ಅಂಗಸಂಸ್ಥೆಯನ್ನು ಹುಟ್ಟುಹಾಕಿತು.

ಪಿಗ್ಮಿಯ ಮನೆತನಕ್ಕೂ ಇದು ಹೊರತಲ್ಲ. ಟಿ.ಎಂ.ಎ. ಪೈಗಳ ಮೊಮ್ಮಗ, ಮಣಿಪಾಲದ ರಂಜನ್ ಪೈ ಅವರು ಇನ್ಫೋಸಿಸ್‌ನಲ್ಲಿದ್ದ ಮೋಹನ್‌ದಾಸ್ ಪೈ ಅವರೊಡನೆ ಸೇರಿ 2012ರಲ್ಲಿ ಆರಿನ್ ಕ್ಯಾಪಿಟಲ್ ಆರಂಭಿಸಿದರು. 2013ರಲ್ಲಿ ಅದು ಹಣ ಹೂಡಿದ್ದು ಬೈಜೂಸ್ ಪಾಠದ ಕಂಪನಿಯಲ್ಲಿ. ಕಂಪನಿ ಕಟ್ಟಿದ ಬೈಜು ರವೀಂದ್ರನ್ ನಮ್ಮ ಕಾಸರಗೋಡು ದಾಟಿದರೆ ಸಿಗುವ ಕಣ್ಣೂರಿನ ಕಡೆಯವರು. ಬೆಳೆದದ್ದು ಹೇಗೆ! 2022ರಲ್ಲಿ ಅದರ ಬೆಲೆ 22 ಬಿಲಿಯನ್ ಡಾಲರ್ ಎಂದು ಕಟ್ಟಿದರು. ಬಿದ್ದದ್ದು ಹೇಗೆ! 2024ರ ಜುಲೈಯಲ್ಲಿ ಅದೇ ಕಂಪನಿ ದಿವಾಳಿ ನ್ಯಾಯಮಂಡಳಿಯ ಮೆಟ್ಟಿಲೇರಿತ್ತು. ಕಾಗದದ ಮೇಲೆ ಬರೆದ ಬೆಲೆಗೂ ಗಲ್ಲದಲ್ಲಿರುವ ಹಣಕ್ಕೂ ಎಷ್ಟು ಅಂತರ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಲೆಕ್ಕ ಹೀಗಿದೆ

ಈ ಹಣದ ಗಣಿತ ಅಂಗಡಿ ಗಣಿತವಲ್ಲ. ಉದಾಹರಣೆಗೆ 100 ಕೋಟಿಯ ಒಂದು ನಿಧಿ ಇದೆ ಎಂದು ಇಟ್ಟುಕೊಳ್ಳಿ. ತಲಾ 5 ಕೋಟಿಯಂತೆ 20 ಕಂಪನಿಗಳಿಗೆ ಹಂಚಿದರು. ಹನ್ನೆರಡು ಮುಳುಗಿದವು, ಪೈಸೆ ಬರಲಿಲ್ಲ. ಐದು ಕಂಪನಿ ಹಾಕಿದ ಹಣವನ್ನಷ್ಟೇ ಮರಳಿಸಿದವು, ಬಂದದ್ದು 25 ಕೋಟಿ. ಎರಡು ಮೂರು ಪಟ್ಟಾದವು, 30 ಕೋಟಿ. ಒಟ್ಟು 55 ಕೋಟಿ. ಹತ್ತು ವರ್ಷದಲ್ಲಿ 300 ಕೋಟಿ ಮಾಡಿಕೊಡುತ್ತೇವೆಂದು ಹಣ ಕೊಟ್ಟವರಿಗೆ ಆಸೆ ಹುಟ್ಟಿಸಿರುತ್ತಾರೆ. ಉಳಿದ 245 ಕೋಟಿ ಎಲ್ಲಿಂದ ಬರಬೇಕು? ಆ ಇಪ್ಪತ್ತನೆಯ ಕಂಪನಿಯೊಂದರಿಂದಲೇ! 5 ಕೋಟಿ 245 ಕೋಟಿ ಆಗಬೇಕು. ಅಂದರೆ 49 ಪಟ್ಟು.

ಆದ್ದರಿಂದಲೇ ಅವರು ಬಾಗಿಲಿಗೆ ಬಂದ ಪ್ರತಿಯೊಬ್ಬ ಹುಡುಗನನ್ನೂ ಕೇಳುವುದು ಒಂದೇ: "ನೀನು ಐವತ್ತು ಪಟ್ಟು ಬೆಳೀತೀಯಾ?" ತಿಂಗಳಿಗೆ ಎರಡು ಲಕ್ಷ ಲಾಭ ತರುವ, ಹತ್ತು ಜನರಿಗೆ ಅನ್ನ ಕೊಡುವ, ನಾಲ್ಕು ತಾಲೂಕಿಗೆ ಸಾಕಾಗುವ ಒಳ್ಳೆಯ ಉದ್ಯಮ ಅವರಿಗೆ ಬೇಡ. ಅದು ಕೆಟ್ಟದ್ದೆಂದಲ್ಲ, ಅವರ ಲೆಕ್ಕಕ್ಕೆ ಕೂಡಿಬರುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಮಕ್ಕಳು ಬೆಂಗಳೂರಿನಲ್ಲಿ ಕಚೇರಿಯಿಂದ ಕಚೇರಿಗೆ ಅಲೆದು, "ನಮ್ಮ ಐಡಿಯಾವೇ ಸರಿ ಇಲ್ಲ" ಎಂದು ತಲೆ ತಗ್ಗಿಸಿ ಹಿಂದಿರುಗುತ್ತಾರೆ. ಐಡಿಯಾ ಸರಿಯಾಗಿಯೇ ಇರಬಹುದು. ತಟ್ಟಿದ ಬಾಗಿಲು ಬೇರೆ.

ಸಿಕ್ಕಿತೆಂದೇ ಇಟ್ಟುಕೊಳ್ಳಿ. ಆಗಲೂ ಕಣ್ಣು ಬಿಡಬೇಕು. ಒಂದೊಂದು ಸುತ್ತಿನಲ್ಲಿ 20 ಶೇಕಡಾ ಪಾಲು ಬಿಟ್ಟುಕೊಟ್ಟರೆ ನೂರು ಇದ್ದದ್ದು 80 ಆಗುತ್ತದೆ, ಆಮೇಲೆ 64, ಆಮೇಲೆ 51, ನಾಲ್ಕನೆಯ ಸುತ್ತಿಗೆ 41. ಅಲ್ಲಿಗೆ ಕಟ್ಟಿದವನೇ ಅಲ್ಪಸಂಖ್ಯಾತ! ಇನ್ನೊಂದು ಶರತ್ತು ಇದಕ್ಕಿಂತ ಗಟ್ಟಿ. ಕಂಪನಿ ಮಾರಿದಾಗ ಹಣ ಹಾಕಿದವನು ತನ್ನ ಅಸಲನ್ನು ಮೊದಲು ಎತ್ತಿಕೊಳ್ಳುವ ಹಕ್ಕು. 2 ಕೋಟಿ ತೆಗೆದುಕೊಂಡು 20 ಶೇಕಡಾ ಪಾಲು ಕೊಟ್ಟ ಹುಡುಗ, ಮುಂದೆ ಕಷ್ಟಕ್ಕೆ ಬಿದ್ದು ಕಂಪನಿಯನ್ನು 2 ಕೋಟಿಗೇ ಮಾರಿದ ಎನ್ನಿ. 80 ಶೇಕಡಾ ತನ್ನದೆಂದು ಕೈ ಚಾಚಿದರೆ ಸಿಗುವುದೆಷ್ಟು? ಸೊನ್ನೆ. ಎರಡೂ ಕೋಟಿ ಮೊದಲಿನವನಿಗೇ.

ಗಂಗೊಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋಟು ಇಳಿಸಲು ಮುಂಗಡ ಕೊಟ್ಟವನಿಗೇ ಮೀನು ಹಾಕಬೇಕು, ಅವನು ಹೇಳಿದ್ದೇ ದರ ಎಂಬ ಕಟ್ಟುಪಾಡನ್ನು ಬಂದರಿನಲ್ಲಿ ಬದುಕಿದವರು ಬಲ್ಲರು. ಮುಂಗಡ ಕೊಟ್ಟವನು ಇಲ್ಲದಿದ್ದರೆ ಬೋಟೇ ಇಳಿಯುತ್ತಿರಲಿಲ್ಲ, ಅದೂ ನಿಜ.

ಸಂತೆಕಟ್ಟೆಯ ಪಾಠ

ಹಾಗಾದರೆ ಈ ಹಣ ಬೇಡವೇ ಬೇಡವೆ? ಹಾಗೆ ಹೇಳಿದರೆ ಅನ್ಯಾಯವಾದೀತು. ಕುಂದಾಪುರದಿಂದ ಉಡುಪಿಗೆ ಹೋಗುವ ಬಸ್ಸು ಬ್ರಹ್ಮಾವರ ದಾಟಿ ಸಂತೆಕಟ್ಟೆಗೆ ಬಂದಾಗ ಕಿಟಕಿಯಿಂದ ನೋಡಿ. ಆ ಹೆದ್ದಾರಿಯ ಬದಿಯಲ್ಲೇ ರೋಬೋಸಾಫ್ಟ್ ಎಂಬ ಕಂಪನಿ ಬೆಳೆಯಿತು. 1996ರಲ್ಲಿ, ಉಡುಪಿ ಇನ್ನೂ ಜಿಲ್ಲೆ ಆಗುವ ಮೊದಲು, ರೋಹಿತ್ ಭಟ್ ಅವರು ಉಡುಪಿಯಲ್ಲೇ ಕೂತು ಇದನ್ನು ಆರಂಭಿಸಿದರು. ಕೊಂಕಣ ರೈಲೂ ಪೂರ್ತಿ ಓಡದ ಕಾಲ ಅದು. ಹತ್ತು ವರ್ಷಕ್ಕೂ ಮಿಕ್ಕಿ ದುಡಿದದ್ದರಲ್ಲೇ ಬೆಳೆದ ಮೇಲೆ ಕಲಾರಿ ಕ್ಯಾಪಿಟಲ್, ಅಸೆಂಟ್ ಕ್ಯಾಪಿಟಲ್ ಮುಂತಾದವರು ಬಂಡವಾಳ ಹಾಕಿದರು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಸುಮಾರು 805 ಕೋಟಿ ರೂಪಾಯಿಗೆ ಅದನ್ನು ಕೊಂಡಿತು. ಇದೇ ರೋಹಿತ್ ಭಟ್ಟರು ಉಡುಪಿಯಲ್ಲೇ ಕಟ್ಟಿದ 99ಗೇಮ್ಸ್ ಮಾಡಿದ ಮೊಬೈಲು ಆಟಗಳನ್ನು ದೇಶ ವಿದೇಶದ ಮಕ್ಕಳು ಆಡಿದರು.

ಇದರಲ್ಲಿ ಎರಡು ಪಾಠ ಇದೆ. ಒಂದು, ಬೆಂಗಳೂರಿಗೆ ಹೋಗದೆಯೂ ಆಗುತ್ತದೆ. ನೂರಾರು ಹುಡುಗ ಹುಡುಗಿಯರಿಗೆ ಮನೆ ಊಟ ಉಂಡು ಸಾಫ್ಟ್‌ವೇರು ಕೆಲಸ ಮಾಡುವ ಅವಕಾಶ ಇಲ್ಲೇ ಸಿಕ್ಕಿತು. ಇನ್ನೊಂದು, ಸಾಹಸ ಬಂಡವಾಳ ಒಳಗೆ ಬಂದರೆ ಒಂದು ದಿನ ಅದು ಹೊರಗೆ ಹೋಗಲೇಬೇಕು. ಹೋಗುವ ಬಾಗಿಲು ಒಂದೋ ಷೇರು ಪೇಟೆ, ಇಲ್ಲವೇ ದೊಡ್ಡ ಕಂಪನಿಗೆ ಮಾರಾಟ. ಊರಿನ ಹೆಸರಿನ ಕಂಪನಿ ಜಪಾನಿನದ್ದಾಯಿತಲ್ಲ ಎಂದು ಬೇಸರಿಸಿ ಫಲವಿಲ್ಲ. ಆ ದಾರಿ ಮೊದಲ ದಿನವೇ ಕಾಗದದಲ್ಲಿ ಬರೆದಿರುತ್ತದೆ.

ಇದು ಸಾಫ್ಟ್‌ವೇರಿಗೆ ಮಾತ್ರ ಬಂದ ಗಾಳಿಯೂ ಅಲ್ಲ. ಸಾಲಿಗ್ರಾಮ ಬಳಿಯ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಇಟ್ಟ ಹೋಟೆಲೇ ಎಂ.ಟಿ.ಆರ್. ಅದರ ಪುಡಿ, ಮಸಾಲೆಗಳ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಟಿಫಿನ್ ರೂಮು ಮನೆಯವರಲ್ಲೇ ಉಳಿಯಿತು. ಏನು ಮಾರಬೇಕು, ಏನು ಉಳಿಸಿಕೊಳ್ಳಬೇಕು ಎಂಬ ವಿವೇಕ ಇದ್ದರೆ ಸಾಕು.

ಮೊದಲ ಐದು ಲಕ್ಷ

ಈಗ ಮೂಲ ವಿಷಯಕ್ಕೆ ಬರೋಣ. ಮೂಡ್ಲಕಟ್ಟೆಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಮಣಿಪಾಲ, ನಿಟ್ಟೆ ದೂರವಿಲ್ಲ. ವರ್ಷ ವರ್ಷ ಮಕ್ಕಳು ಓದಿ ಹೊರಬರುತ್ತಾರೆ. ಸಂಜೆಯಾದರೆ ಶಾಸ್ತ್ರಿ ಸರ್ಕಲ್ಲಿನಲ್ಲಿ ಚೀಲ ಹಿಡಿದು ಬೆಂಗಳೂರಿನ ಸ್ಲೀಪರ್ ಬಸ್ಸಿಗೆ ಕಾಯುತ್ತಾರೆ. ಅವರಲ್ಲಿ ಹತ್ತರಲ್ಲಿ ಒಬ್ಬನಿಗಾದರೂ ತಲೆಯಲ್ಲಿ ಏನೋ ಓಡುತ್ತಿರುತ್ತದೆ. ಬಂದರಿನಲ್ಲಿ ಬೋಟು ತಾಗುವ ಮೊದಲೇ ಮೀನಿನ ದರ ತಿಳಿಸುವ ಉಪಾಯ ಇರಬಹುದು. ಗೇರುಬೀಜ ಕಾರ್ಖಾನೆಯಲ್ಲಿ ಬೀಜ ಆರಿಸುವ ಯಂತ್ರಕ್ಕೆ ಕಣ್ಣು ಕೊಡುವುದಿರಬಹುದು. ಸಿಗಡಿ ಕೆರೆಯ ನೀರು ಕೆಡುವ ಮೊದಲೇ ಫೋನಿಗೆ ಸುದ್ದಿ ಮುಟ್ಟಿಸುವುದಿರಬಹುದು. ಇದಕ್ಕೆ ಶುರುವಿನಲ್ಲಿ ಐದು ಕೋಟಿ ಬೇಡ. ಐದು ಲಕ್ಷ ಸಾಕು. ಒಂದು ವರ್ಷ ಮನೆಯಲ್ಲಿ ಕೂತು ಮಾಡಿ ನೋಡುವಷ್ಟು. ಆ ಐದು ಲಕ್ಷ ಯಾರು ಕೊಡುತ್ತಾರೆ?

ಸರಕಾರ ಸ್ವಲ್ಪ ಕೊಟ್ಟಿದೆ, ಇಲ್ಲವೆನ್ನಲಾಗದು. ರಾಜ್ಯ ಸರಕಾರ 2017ರಲ್ಲಿ ಆರಂಭಿಸಿದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದವರಿಗೆ 50 ಲಕ್ಷದವರೆಗೆ ಮರಳಿಸಬೇಕಿಲ್ಲದ ಹಣ. ಕೇಂದ್ರ ಸರಕಾರ 2021ರಲ್ಲಿ 945 ಕೋಟಿಯ ಬೀಜನಿಧಿ ಯೋಜನೆ ತಂದಿತು. ಆದರೆ ಸರಕಾರದ ಹಣ ಅರ್ಜಿ ಬರೆಯಲು ಬಲ್ಲವನಿಗೆ ಬೇಗ ಸಿಗುತ್ತದೆ. ಶಿರೂರಿನ ಹುಡುಗನೊಬ್ಬನ ತಲೆಯಲ್ಲಿರುವುದು ವಿಧಾನಸೌಧಕ್ಕೆ ಹೇಗೆ ಕಾಣಬೇಕು?

ಕಾಣುವುದು ಊರಿಗೆ. ಅವನ ಅಪ್ಪ ಯಾರು, ಹುಡುಗ ಶಾಲೆಯಲ್ಲಿ ಹೇಗಿದ್ದ, ಮಾತಿಗೆ ನಿಲ್ಲುತ್ತಾನೋ ಇಲ್ಲವೋ ಎಂಬುದು ಊರಿನವರಿಗೆ ಗೊತ್ತು. ಬೆಂಗಳೂರಿನ ಬಂಡವಾಳ ಸಂಸ್ಥೆ ಲಕ್ಷಗಟ್ಟಲೆ ಖರ್ಚು ಮಾಡಿ ವಿಚಾರಿಸುವುದನ್ನು ಇಲ್ಲಿ ಚಹಾದ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ತಿಳಿಯಬಹುದು. ಮತ್ತೆ ಹಣ? ಈ ಮೂರು ತಾಲೂಕಿನಲ್ಲಿ ಹಣಕ್ಕೆ ಬರವೆಂದು ಯಾರು ಹೇಳಿಯಾರು? ಮುಂಬಯಿಯ ಹೋಟೆಲಿನ ಹಣ, ಗಲ್ಫಿನ ಹಣ, ಎಲ್ಲ ಬಂದು ಬಂಗಾರವಾಗುತ್ತದೆ, ಸೈಟಾಗುತ್ತದೆ, ಬೆಂಗಳೂರಿನಲ್ಲಿ ಫ್ಲಾಟಾಗುತ್ತದೆ. ಊರಿನ ಮಗುವಿನ ತಲೆಯ ಮೇಲೆ ಮಾತ್ರ ಐವತ್ತು ಸಾವಿರ ಹಾಕಲು ಕೈ ಬರುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗ ಚುರುಕಾಗಿದ್ದರೆ ಧಣಿಯೇ ಮುಂದೆ ಅವನನ್ನು ದುಡಿಯುವ ಪಾಲುದಾರನನ್ನಾಗಿ ಮಾಡಿ ಹೊಸ ಹೋಟೆಲು ಇಟ್ಟುಕೊಟ್ಟ ಕಥೆಗಳು ಮನೆಮನೆಯಲ್ಲಿವೆ. ಕಡಲ ಕರೆಯಲ್ಲಿ ರಂಪಣಿ ಇತ್ತು. ಹಲವು ಮನೆಯವರು ತಂತಮ್ಮ ಬಲೆಯ ತುಂಡು ತಂದು ಜೋಡಿಸಿ, ಹತ್ತಾರು ಕೈ ಸೇರಿ ಎಳೆದು, ಸಿಕ್ಕಿದ ಮೀನನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಬಂದ ದಿನ ಎಲ್ಲರಿಗೂ ಬಂತು, ಬಾರದ ದಿನ ಎಲ್ಲರಿಗೂ ಬರಲಿಲ್ಲ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಮೂಲೆಗೆ ಬಿತ್ತು. ದೊಡ್ಡ ಹಣ ಚಿಕ್ಕ ಪಾಲನ್ನು ನುಂಗುವುದು ಈ ಕರಾವಳಿ ಮೊದಲ ಸಲ ನೋಡುವುದಲ್ಲ.

ಆ ರಂಪಣಿಯ ಪಾಲನ್ನೇ ಇವತ್ತಿನ ಕಾನೂನಿನಲ್ಲಿ ಮಾಡಲು ಅಡ್ಡಿಯಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ 200 ಜನರ ತನಕ ಪಾಲುದಾರರಿರಬಹುದು. ಹತ್ತು ಮಂದಿ ತಲಾ 50 ಸಾವಿರ ಹಾಕಿದರೆ 5 ಲಕ್ಷ ಆಯಿತು. ಒಬ್ಬ ಲೆಕ್ಕಪರಿಶೋಧಕರ ಬಳಿ ಕೂತು ಪಾಲೆಷ್ಟು, ಶರತ್ತೇನು ಎಂದು ಕಾಗದ ಮಾಡಿಸಬೇಕು. ಇಂಥ ಹೂಡಿಕೆಯ ಮೇಲೆ 2012ರಿಂದ ಇದ್ದ ಏಂಜೆಲ್ ತೆರಿಗೆ ಎಂಬ ಕಿರಿಕಿರಿಯನ್ನೂ 2024ರ ಬಜೆಟ್ಟಿನಲ್ಲಿ ತೆಗೆದುಹಾಕಿದರು. ಒಂದೇ ಒಂದು ಕಟ್ಟಳೆ: ಹೋದರೆ ಹೋಗಲಿ ಎನ್ನಬಲ್ಲವನು ಮಾತ್ರ ಹಾಕಬೇಕು. ಮಗಳ ಮದುವೆಯ ಹಣ ಹಾಕಬಾರದು. ಹುಡುಗ ಸೋತರೆ ಸಂತೆಯಲ್ಲಿ ನಿಲ್ಲಿಸಿ ಕೇಳಬಾರದು.

ಸುಲಭವೆಂದು ಯಾರೂ ಹೇಳುತ್ತಿಲ್ಲ. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆಗೆ ಷೇರು ಹಾಕಿದ ರೈತರ ನೆನಪು ಇನ್ನೂ ಹಸಿಯಾಗಿದೆ. ಕಾರ್ಖಾನೆ ಬಾಗಿಲು ಹಾಕಿತು. "ಪಾಲು ಅಂದ್ರೆ ಬ್ಯಾಡ ಮಾರಾಯ್ರೆ" ಎನ್ನುವವರನ್ನು ದೂರಿ ಉಪಯೋಗವಿಲ್ಲ. ಆದರೆ ಸಾವಿರಾರು ಮಂದಿಯ ಷೇರು, ಯಾರದ್ದೂ ಅಲ್ಲದ ಆಡಳಿತ ಒಂದು ಕಡೆ. ಹತ್ತು ಮಂದಿ, ಕಣ್ಣೆದುರಿಗಿರುವ ಒಬ್ಬ ಹುಡುಗ, ತಿಂಗಳಿಗೊಮ್ಮೆ ಲೆಕ್ಕ ಇನ್ನೊಂದು ಕಡೆ. ಎರಡೂ ಒಂದೇ ಅಲ್ಲ.

ಎಚ್ಚರ!

ಕೊನೆಗೊಂದು ಮಾತು ಹೇಳದಿದ್ದರೆ ತಪ್ಪಾದೀತು. ಸ್ಟಾರ್ಟಪ್ ಎಂಬ ಶಬ್ದ ಈಗ ಒಳ್ಳೆಯ ಗಾಳ. ವಾಟ್ಸಾಪಿನಲ್ಲಿ ಸಂದೇಶ ಬರುತ್ತದೆ, "ವೆಂಚರ್ ಕ್ಯಾಪಿಟಲ್ ಫಂಡು, ಹತ್ತು ಸಾವಿರ ಹಾಕಿ, ವರ್ಷದಲ್ಲಿ ಡಬಲ್". ಓದುಗ ಮಹಾಶಯರೇ, ಇದನ್ನು ಕತ್ತರಿಸಿ ಗಲ್ಲದ ಮೇಲೆ ಅಂಟಿಸಿ: ಸೆಬಿಯಲ್ಲಿ ನೋಂದಾಯಿಸಿದ ಇಂಥ ನಿಧಿಗಳಿಗೆ 2012ರ ನಿಯಮದ ಪ್ರಕಾರ ಒಬ್ಬ ಹೂಡಿಕೆದಾರ ಸಾಮಾನ್ಯವಾಗಿ ಕನಿಷ್ಠ 1 ಕೋಟಿ ರೂಪಾಯಿ ಹಾಕಬೇಕು. ಹತ್ತು ಸಾವಿರಕ್ಕೆ ವೆಂಚರ್ ಕ್ಯಾಪಿಟಲ್ ಎಂದು ಬಂದವನು ವೆಂಚರಿನವನಲ್ಲ, ವಂಚನೆಯವನು. ಪ್ರೈವೇಟ್ ಕಂಪನಿಯ ಷೇರನ್ನು ಹೀಗೆ ಸಾರ್ವಜನಿಕರಿಗೆ ಡಂಗುರ ಸಾರಿ ಮಾರುವಂತೆಯೂ ಇಲ್ಲ. ನಿಶ್ಚಿತ ಲಾಭ ಎಂದು ಹೇಳಿದಲ್ಲಿಗೇ ಎದ್ದು ಬನ್ನಿ. ಈ ಕಸುಬಿನಲ್ಲಿ ನಿಶ್ಚಿತವಾದದ್ದು ನಷ್ಟ ಒಂದೇ.

ಪಿಗ್ಮಿ ಕಟ್ಟಿದ ಹಿರಿಯರು ಎರಡಾಣೆಯನ್ನು ಕಾಪಾಡುವುದು ಹೇಗೆಂದು ದೇಶಕ್ಕೆ ಕಲಿಸಿದರು. ಅದೇ ಎರಡಾಣೆಯಲ್ಲಿ ಒಂದು ಕಾಸನ್ನು ತಿಳಿದೂ ತಿಳಿದೂ ಕಳೆದುಕೊಳ್ಳುವ ಧೈರ್ಯವನ್ನು ನಾವಿನ್ನೂ ಕಲಿಯಬೇಕಾಗಿದೆ. ಮೂರೂ ಪೇಟೆಯ ವರ್ತಕರ ಸಂಘದವರು ಮುಂದಿನ ಸಭೆಯಲ್ಲಿ ಸನ್ಮಾನ, ಹಾರ ತುರಾಯಿ ಸ್ವಲ್ಪ ಕಡಿಮೆ ಮಾಡಿ, ಊರಿನ ಇಬ್ಬರು ಹುಡುಗರನ್ನು ಕರೆದು "ನಿನ್ ತಲೆಯಲ್ಲಿ ಎಂತ ಇತ್ತ್ ಮಗಾ, ಹೇಳ್ ಕಾಂಬ" ಎಂದು ಅರ್ಧ ಗಂಟೆ ಕೇಳಲಿ. ಕೇಳುವುದಕ್ಕೆ ಬಂಡವಾಳ ಬೇಡ.

ಕೇಳದಿದ್ದರೆ? ಇಂದು ಸಂಜೆಯೂ ಶಾಸ್ತ್ರಿ ಸರ್ಕಲ್ಲಿಗೆ ಬೆಂಗಳೂರಿನ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ. ಹುಡುಗ ಹತ್ತಿ ಹೋಗುತ್ತಾನೆ. ಮಾರನೇ ಬೆಳಿಗ್ಗೆ ಅದೇ ಬೆಂಗಳೂರಿನಿಂದ ರಿಯಾಯಿತಿಯ ಪೊಟ್ಟಣ ಹೊತ್ತ ಲಾರಿ ಕುಂದಾಪುರಕ್ಕೆ ಬಂದಿಳಿಯುತ್ತದೆ.